ವೆಂಡೆಲ್‌ಗೆ ಯಾರೂ ಪಿಸ್ತೂಲು ಮಾರಲಿಲ್ಲ

ಕಾಟನ್‌ವುಡ್ ಬೆಂಡ್, ಮೊಂಟಾನಾ
ಭಾನುವಾರ, ಮಾರ್ಚ್ ೨೩, ೨೦೧೪

ಪ್ರೀತಿಯ ಕರ್ಟಿಸ್,

ಹೇಗಿದ್ದೀಯಪ್ಪ? ಟಕೋಮಾದಲ್ಲಿ ಇನ್ನೂ ಮಳೆ ಬಿಟ್ಟಿಲ್ಲ ಎಂದು ಟೀವಿಯಲ್ಲಿ ತೋರಿಸುತ್ತಿದ್ದಾರೆ. ಕ್ರಿಸ್‌ಮಸ್‌ಗೆ ಬಂದಾಗ ಇದ್ದ ಆ ಒಣಕೆಮ್ಮು ಹೋಯಿತೋ ಇಲ್ಲವೋ? ಬಂದರಿನ ಗಾಳಿಗೆ ನಿಂತು ಕೆಲಸ ಮಾಡುವವನು ಕಿವಿ ಮುಚ್ಚಿಕೊಳ್ಳದೆ ಓಡಾಡಬೇಡ. ನಾನು ಹೆಣೆದು ಕಳಿಸಿದ ಟೋಪಿ ಚೆನ್ನಾಗಿಲ್ಲ ಎಂದು ನನಗೂ ಗೊತ್ತು, ಆದರೂ ಹಾಕಿಕೋ. ಹಾಕಿಕೊಳ್ಳದಿದ್ದರೆ ನನ್ನ ಸೊಸೆ ಮೇಗನ್‌ಗೆ ದೂರು ಹೇಳುತ್ತೇನೆ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಅಪ್ಪನ ಮೊಣಕಾಲು ಎಂದಿನಂತೆ ಹವಾಮಾನ ಹೇಳುತ್ತದೆ, ರೇಡಿಯೋದವರಿಗಿಂತ ಸರಿಯಾಗಿಯೇ ಹೇಳುತ್ತದೆ. ಹಸುಗಳು ಕರು ಹಾಕುವ ಕಾಲ ಮುಗಿಯುತ್ತ ಬಂತು. ಈ ಸಲ ಒಂದು ಅವಳಿಯೂ ಆಯಿತು, ಎರಡೂ ಬದುಕಿವೆ. ಚಿಕ್ಕದನ್ನು ಎರಡು ರಾತ್ರಿ ಅಡುಗೆಮನೆಯಲ್ಲೇ ಮಲಗಿಸಿಕೊಂಡಿದ್ದೆ, ನೆಲ ಇನ್ನೂ ವಾಸನೆ ಹೊಡೆಯುತ್ತಿದೆ.

ನಾನು ಬರೆಯಲು ಕುಳಿತದ್ದು ಬೇರೆ ಸುದ್ದಿಗೆ. ನಿನ್ನ ಅಪ್ಪ ಮಾಡಿದ ಒಂದು ಕೆಲಸವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ನನಗೆ ಊಟ ಸೇರುತ್ತಿಲ್ಲ. ಅವರ ಬಾಯಿಂದಂತೂ ನಿನಗೆ ಅದು ತಿಳಿಯುವುದಿಲ್ಲ. ಫೋನು ಹಿಡಿದರೆ ಅವರು ಹೇಳುವುದು ಎರಡೇ ಮಾತು, ಹಿಮ ಎಷ್ಟು ಬಿತ್ತು, ಡೀಸೆಲ್ ಎಷ್ಟಾಯಿತು. ಊರ ತುಂಬ ಹೇಳಿಕೊಂಡು ತಿರುಗೋಣವೆಂದರೆ ಅದು ಇನ್ನೊಬ್ಬರ ನೋವಿನ ವಿಷಯ. ನಿನಗೆ ಹೇಳಲು ಆ ಇನ್ನೊಬ್ಬರನ್ನೇ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಆದ್ದರಿಂದ ಕೂತು ಓದು.

ಈ ತಿಂಗಳ ಮೊದಲ ಶನಿವಾರ ಕೌಂಟಿ ಮೈದಾನದ ದೊಡ್ಡ ಶೆಡ್ಡಿನಲ್ಲಿ ಕೋವಿ ಸಂತೆ ನಡೆಯಿತು. ನಾವು ಎಂದಿನಂತೆ ಬಾಗಿಲ ಎಡಕ್ಕೆ ಎರಡು ಮೇಜು ಹಾಕಿದ್ದೆವು. ಹಸಿರು ಕಂಬಳಿ ಹಾಸಿ, ಅಪ್ಪನ ಹಳೆಯ ವಿಂಚೆಸ್ಟರ್‌ಗಳನ್ನು ಸಾಲಾಗಿ ಒರಗಿಸಿ, ಮುಂದೆ ನಾಲ್ಕಾರು ರಿವಾಲ್ವರ್ ಇಟ್ಟೆವು. ಪಕ್ಕದ ಮೇಜು ಬರ್ನೀಸ್‌ಳದು. ಮನೆಯಲ್ಲೇ ತೋಟೆ ತುಂಬಿ ಮಾರುತ್ತಾಳಲ್ಲ, ಅವಳೇ. ತೋಟೆ ಪೆಟ್ಟಿಗೆಗಳ ನಡುವೆ ಈ ಸಲವೂ ಆಪಲ್ ಪೈ ಇಟ್ಟುಕೊಂಡಿದ್ದಳು. ತೋಟೆಗಿಂತ ಪೈಯೇ ಬೇಗ ಖಾಲಿಯಾಯಿತೆಂದು ಅವಳಿಗೆ ಕೋಪ. ಹಾರ್ಡ್‌ವೇರ್ ಅಂಗಡಿಯ ಗಸ್ ಬಂದವನೇ ಅಪ್ಪನನ್ನು ಕೆಣಕಿದ. "ಲೈಲ್, ಈ ಉದ್ದ ನಳಿಗೆಯ ಕೋವೀನ ಪ್ರತಿ ವರ್ಷ ತರ್ತೀಯ. ಮಾರೋಕೆ ತರ್ತೀಯೋ, ಗಾಳಿ ಕುಡಿಸೋಕೋ?" ಅಪ್ಪ ಕಾಫಿ ಲೋಟದಿಂದ ತಲೆ ಎತ್ತದೆ, "ಮಾರೋಕೇ ಕಣಯ್ಯ. ಕೊಳ್ಳೋ ಮುಖ ಇನ್ನೂ ಕಾಣ್ಲಿಲ್ಲ. ನಿನ್ನದಂತೂ ಅಲ್ಲ," ಎಂದರು. ನಮ್ಮ ಸಂತೆಯ ಜನ ಹೇಗೆಂದು ನಿನಗೆ ಗೊತ್ತು. ಕೊಳ್ಳುವುದು ಐದು ನಿಮಿಷ, ಮಾತು ಮೂರು ಗಂಟೆ. ಹಿಡಿಯ ಮರ ಯಾವುದು, ನಳಿಗೆಗೆ ಹಾಕಿದ ಕಪ್ಪು ಲೇಪ ಕಾರ್ಖಾನೆಯದೋ ಆಮೇಲಿನದೋ, ಯಾವ ಗುಡ್ಡದಲ್ಲಿ ಯಾವ ಕಡವೆ ಯಾವ ತಾತನ ಗುರಿಯಿಂದ ತಪ್ಪಿಸಿಕೊಂಡಿತು, ಎಲ್ಲ ಆಗಬೇಕು. ಮದುವೆಯಾದ ಹೊಸತರಲ್ಲಿ ಈ ಹರಟೆ ಕೇಳಿ ನನಗೆ ತಲೆ ಸಿಡಿಯುತ್ತಿತ್ತು. ಈಗ ನಾನೂ ಸೇರಿಕೊಳ್ಳುತ್ತೇನೆ.

ನಮ್ಮ ಕುದುರೆಗಳಿಗೆ ಲಾಳ ಹೊಡೆಯುವ ವೆಂಡೆಲ್ ಕ್ರೋಗ್ ಈ ಗುಂಪಿನಲ್ಲೆಲ್ಲ ದೊಡ್ಡ ತಕರಾರಿನವನು. ಕೋವಿಯ ಒಂದು ಸ್ಕ್ರೂ ಬದಲಾಗಿದ್ದರೂ ಕಂಡುಹಿಡಿದು, ಅರ್ಧ ದಿನ ಜಗಳ ಆಡಿ, ಕೊನೆಗೆ ಕೊಳ್ಳದೆ ಹೋಗುವ ಆಸಾಮಿ. ಪಿಸ್ತೂಲುಗಳನ್ನು ಕಂಡರೆ ಅವನಿಗೆ ಆಗದು. "ಗುರಿ ಬರದೋರ ಆಟಿಕೆ" ಎನ್ನುತ್ತಿದ್ದ. ಹೋದ ಶರತ್ಕಾಲದಲ್ಲಿ ಅವನ ಹೆಂಡತಿ ಲೊರೇನ್ ತೀರಿಕೊಂಡಳು, ನಿನಗೆ ಬರೆದಿದ್ದೆ. ಮಕ್ಕಳಿಲ್ಲ. ಚಳಿಗಾಲವೆಲ್ಲ ಅವನು ತನ್ನ ರೈಫಲ್‌ಗಳನ್ನು ಒಂದೊಂದಾಗಿ ಹಂಚಿದ. ಇದಕ್ಕೆ ಇಷ್ಟು ಸಾಕು ಬಿಡು ಎಂದು ಸಿಕ್ಕ ಬೆಲೆಗೆ ಕೊಟ್ಟ. ಪಡೆದವರೆಲ್ಲ ಅದೃಷ್ಟವೆಂದುಕೊಂಡೆವು. ನಾವೂ ಒಂದು ತಂದೆವು, ನನಗೇ ಅದರ ಮೇಲೆ ಕಣ್ಣಿತ್ತು. ಒಬ್ಬರಿಗೂ ಅನುಮಾನ ಬರಲಿಲ್ಲ. ಸಂತೆಯ ಬೆಳಿಗ್ಗೆ, ಮೂರು ಚಳಿಗಾಲ ಕೂತು ತನ್ನ ಕೈಯಾರೆ ಹಿಡಿ ಕೆತ್ತಿದ ಕೋವಿಯನ್ನು ತಂದು ಗಸ್‌ನ ಕೈಗೆ ಸುಮ್ಮನೆ ಇಟ್ಟ. "ನಿನ್ನ ಹತ್ರ ಇರ್ಲಿ" ಎಂದನಂತೆ. ಅಷ್ಟೇ.

ಆಮೇಲೆ ನಮ್ಮ ಮೇಜಿಗೆ ಬಂದ. ಗಡ್ಡ ನೀಟಾಗಿ ಬೋಳಿಸಿಕೊಂಡಿದ್ದ, ಒಳ್ಳೆಯ ಅಂಗಿ ಹಾಕಿದ್ದ. ನನ್ನನ್ನು ನೋಡಿ ಟೋಪಿ ಎತ್ತಿದ. ಚೆನ್ನಾಗಿದ್ದಾನೆ ಎಂದೇ ನನಗೆ ಅನ್ನಿಸಿತು. ಮೇಜಿನ ತುದಿಯಲ್ಲಿದ್ದ ಒಂದು ಸಾಧಾರಣ ರಿವಾಲ್ವರ್ ತೋರಿಸಿ, "ಎಷ್ಟು ಲೈಲ್?" ಎಂದ. ಕೈಗೆತ್ತಿಕೊಳ್ಳಲಿಲ್ಲ. ತಿರುಗಿಸಿ ನೋಡಲಿಲ್ಲ. ಬೆಲೆ ಚೀಟಿ ಕಣ್ಣೆದುರೇ ನೇತಾಡುತ್ತಿತ್ತು, ಅದನ್ನೂ ಓದಲಿಲ್ಲ. ಅಪ್ಪ ಅವನ ಮುಖ ನೋಡಿದರು. "ಅದು ಮಾರೋಕಿಲ್ಲ ವೆಂಡೆಲ್," ಎಂದರು. "ಚೀಟಿ ಇದೆಯಲ್ಲ." "ತಪ್ಪಾಗಿ ಕಟ್ಟಿದೀನಿ." "ಹಾಗಾದ್ರೆ ಅದರ ಪಕ್ಕದ್ದು." "ಅದೂ ಇಲ್ಲ." ವೆಂಡೆಲ್ ಜಗಳಕ್ಕೆ ಬರುತ್ತಾನೆಂದು ನಾನು ಕಾದೆ. ಅವನು ಜಗಳಕ್ಕೆ ಬರಲಿಲ್ಲ. "ಆಯ್ತು ಬಿಡು," ಎಂದು ಮುಂದಿನ ಮೇಜಿಗೆ ಹೋದ. ಆಗ ಅಪ್ಪ ನನ್ನ ಕಡೆ ತಿರುಗಿದರು. "ಆರ್ಲೀನ್, ಅವನು ನೋಡ್ಲೇ ಇಲ್ಲ. ವೆಂಡೆಲ್ ಒಂದು ಬಂದೂಕನ್ನ ನೋಡ್ದೆ ಕೊಳ್ತಾನಾ?" ಎಂದರು. ಆಮೇಲೆ, ನನಗಲ್ಲ ತಮಗೇ ಎಂಬಂತೆ, "ಅದು ನಾಳೆ ಕೆಲಸಕ್ಕೆ ಬರುತ್ತೋ ಇಲ್ವೋ ಅಂತ ಯೋಚ್ನೆ ಇಲ್ಲ ಅವನಿಗೆ," ಎಂದರು.

ಕರ್ಟಿಸ್, ಅಪ್ಪನಿಗೆ ಇದು ಎಷ್ಟು ಕಷ್ಟದ್ದೆಂದು ನಿನಗೆ ನಾನು ಹೇಳಬೇಕಿಲ್ಲ. ಕೋವಿ ಯಾಕೆ ಬೇಕು ಎಂದು ಒಬ್ಬನನ್ನು ಕೇಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಜೀವಮಾನವಿಡೀ ಇನ್ನೊಬ್ಬರ ಬೇಲಿಯೊಳಗೆ ಕಾಲಿಡದ ಮನುಷ್ಯ ಅವರು. ಅಂಥವರು ಎದ್ದು, ಆ ಕುಂಟು ಮೊಣಕಾಲಿನಲ್ಲೇ, ಮೇಜಿನಿಂದ ಮೇಜಿಗೆ ಹೋಗಿ ಕಿವಿಯಲ್ಲಿ ಹೇಳತೊಡಗಿದರು. "ವೆಂಡೆಲ್‌ಗೆ ಇವತ್ತು ಏನೂ ಮಾರ್ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ." ಕೆಲವರಿಗೆ ತಕ್ಷಣ ಹೊಳೆಯಿತು. ಒಬ್ಬಿಬ್ಬರು ಮುಖ ಸಿಂಡರಿಸಿದರು. "ಅದು ಅವನ ಹಕ್ಕಲ್ವಾ ಲೈಲ್?" ಎಂದ ಒಬ್ಬ. "ಹಕ್ಕೇ. ನಾಳೆಯೂ ಇರುತ್ತೆ ಆ ಹಕ್ಕು. ಅವನೂ ಇರ್ಲಿ," ಎಂದರು ಅಪ್ಪ. ಗಸ್‌ಗೆ ವಿಷಯ ತಿಳಿದಾಗ, ತನಗೆ ಸಿಕ್ಕ ಆ ಕೆತ್ತನೆಯ ಕೋವಿಯನ್ನು ಹಾವು ಕಂಡವನಂತೆ ನೋಡುತ್ತ ನಿಂತುಬಿಟ್ಟ.

ತೊಂದರೆ ಬಂದದ್ದು ಕೊನೆಯ ಸಾಲಿನಲ್ಲಿ. ಯಾರೋ ಹೊರ ಊರಿನ ವ್ಯಾಪಾರಿ, ಮೇಜಿನ ತುಂಬ ಪಿಸ್ತೂಲು ಹರಡಿಕೊಂಡಿದ್ದ. ಅಪ್ಪ ಹೇಳಿದ್ದಕ್ಕೆ, "ಮಾಲು ನಂದು, ದುಡ್ಡು ಅವನ್ದು. ಮಧ್ಯೆ ನೀನ್ಯಾರು ಮುದುಕ?" ಎಂದ. ವೆಂಡೆಲ್ ಆ ಕಡೆಗೇ ಬರುತ್ತಿದ್ದ. ನಾನೂ ಬರ್ನೀಸೂ ಅಪ್ಪನ ಹಿಂದೆಯೇ ಹೋಗಿದ್ದೆವು. ಆಗ ಬರ್ನೀಸ್ ನೋಡು, ಖಾಲಿ ಪೈ ತಟ್ಟೆ ನನ್ನ ಕೈಗೆ ತುರುಕಿ, ತನ್ನ ಅಗಲವಾದ ಮೈಯನ್ನು ಆ ಮೇಜಿಗೆ ಆನಿಸಿ ನಿಂತು ಒಂದು ಪಿಸ್ತೂಲು ಎತ್ತಿಕೊಂಡಳು. "ಗಸ್, ಬಾ ಇಲ್ಲಿ. ಇದರ ಹಿಡಿ ಅಕ್ರೋಟ ಮರಾನೋ ಬಣ್ಣ ಹಚ್ಚಿದ್ದೋ?" ಗಸ್ ಇನ್ನೊಂದನ್ನು ಎತ್ತಿಕೊಂಡು, "ಅದನ್ನ ಬಿಡು, ಇದರ ನಳಿಗೆ ನೋಡು, ಒಲೆ ಕೊಳವೆ ಇದ್ದ ಹಾಗಿದೆ," ಎಂದ. ಮತ್ತೊಬ್ಬ ಬಂದ. ಅವನ ಹಿಂದೆ ಇನ್ನಿಬ್ಬರು. ನಾನೂ ಪೈ ತಟ್ಟೆಯನ್ನು ಬಗಲಲ್ಲಿ ಇಟ್ಟುಕೊಂಡು, ಗುಲಾಬಿ ಬಣ್ಣದ ಹಿಡಿಯ ಒಂದು ವಿಕಾರವಾದ ಪಿಸ್ತೂಲು ಹಿಡಿದು ನಳಿಗೆ ತುದಿಯಲ್ಲಿ ಗುರಿ ನೋಡುವ ಅದರ ಮೊಳೆಯ ಬಗ್ಗೆ ಭಾಷಣ ಶುರು ಮಾಡಿದೆ. ನೋಡನೋಡುತ್ತ ಆ ಮೇಜು ಬರಿದಾಯಿತು. ಇದ್ದ ಪಿಸ್ತೂಲುಗಳೆಲ್ಲ ನಮ್ಮವರ ಕೈಯಲ್ಲಿ. ಒಬ್ಬರೂ ಕೊಳ್ಳಲಿಲ್ಲ, ಒಬ್ಬರೂ ಕೆಳಗಿಡಲಿಲ್ಲ. ಎಲ್ಲರೂ ಮಾತಾಡಿದರು. "ಕೊಳ್ತೀರೋ ಇಲ್ವೋ?" ಎಂದು ವ್ಯಾಪಾರಿ ಕೂಗಾಡಿದ. "ವಿಚಾರ ಮಾಡ್ತಾ ಇದೀವಿ ಸ್ವಾಮಿ, ಅವಸರ ಯಾಕೆ?" ಎಂದ ಗಸ್. ಈ ಹರಟೆಗೆ ನಾನು ಮದುವೆಯಾದಾಗಿನಿಂದ ಹಾಕಿದ ಶಾಪಗಳನ್ನೆಲ್ಲ ಆ ಹೊತ್ತಿಗೆ ಹಿಂದಕ್ಕೆ ಪಡೆದೆ.

ವೆಂಡೆಲ್ ಆ ಗುಂಪಿನ ಅಂಚಿನಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದ. ಪಿಸ್ತೂಲಿನ ಬಗ್ಗೆ ಇಷ್ಟು ಆಸೆಯಿಂದ ಮಾತಾಡುವವರಲ್ಲ ಇವರು ಎಂದು ಅವನಿಗೆ ಗೊತ್ತಿಲ್ಲವೇ? "ನೀವೆಲ್ಲ ಸುಳ್ಳು ಹೇಳೋದ್ರಲ್ಲಿ ದಡ್ಡರು," ಎಂದ, ಮೆಲ್ಲಗೆ. ಅಪ್ಪ ಹತ್ತಿರ ಹೋಗಿ ಅವನ ತೋಳು ಹಿಡಿದರು. ಎಲ್ಲರ ಮುಂದೆ ಬೇಡವೆಂದು ಹೊರಗೆ ನಮ್ಮ ಪಿಕಪ್‌ಗೆ ಕರೆದುಕೊಂಡು ಹೋದರು. ಕಾಫಿ ಕೊಡಲು ಹೋದ ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಆದ್ದರಿಂದ ಕೇಳಿಸಿತು. ಅಪ್ಪ ಸುತ್ತಿ ಬಳಸಿ ಮಾತಾಡಲಿಲ್ಲ. "ವೆಂಡೆಲ್, ಸಾಯ್ಬೇಕು ಅಂತಿದೀಯಾ?" ಎಂದು ಕೇಳಿಬಿಟ್ಟರು. ಗಾಳಿಗೆ ಮೈದಾನದ ಬಾವುಟದ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು. ಆಮೇಲೆ ವೆಂಡೆಲ್, "ಹೌದು," ಎಂದ. "ಬೆಳಿಗ್ಗೆ ಎದ್ರೆ ಮನೇಲಿ ಸದ್ದೇ ಇರಲ್ಲ ಲೈಲ್." ಅಪ್ಪ ಬುದ್ಧಿ ಹೇಳಲಿಲ್ಲ, ದೇವರನ್ನು ಎಳೆದು ತರಲಿಲ್ಲ. "ನಮ್ಮ ಮನೇಲಿ ಬೇಕಾದಷ್ಟು ಸದ್ದಿದೆ. ಆರ್ಲೀನ್ ಇದಾಳೆ, ಕರುಗಳಿವೆ. ನಡಿ," ಎಂದರು. ನನ್ನನ್ನು ಕರುಗಳ ಜೊತೆ ಸೇರಿಸಿದ್ದಕ್ಕೆ ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ.

ಅಂದೇ ಮಧ್ಯಾಹ್ನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಲವು ದಿನ ಅಲ್ಲಿದ್ದು, ಈಗ ನಿನ್ನ ಕೋಣೆಯಲ್ಲಿದ್ದಾನೆ. ಮೊದಲು ಅಪ್ಪನ ಜೊತೆ ಮಾತೇ ಬಿಟ್ಟಿದ್ದ. ಎಲ್ಲರೆದುರು ತನ್ನ ಮಾನ ಕಳೆದರೆಂಬ ಸಿಟ್ಟು. ಅಪ್ಪ ಅದನ್ನು ನುಂಗಿಕೊಂಡು ದಿನವೂ ಅವನನ್ನು ಕೊಟ್ಟಿಗೆಗೆ ಎಬ್ಬಿಸಿಕೊಂಡು ಹೋದರು. ಹೋದ ಬುಧವಾರ ಊಟದ ಹೊತ್ತಿಗೆ, "ಲೈಲ್, ಆ ಉದ್ದ ನಳಿಗೆಯದರ ಹಿಂದಿನ ಸ್ಕ್ರೂ ಕಾರ್ಖಾನೆಯದಲ್ಲ, ಗೊತ್ತಾ?" ಎಂದ. ಅಪ್ಪ ಚಮಚ ಕೆಳಗಿಟ್ಟರು. ಇಬ್ಬರೂ ಕೂತು ಕಚ್ಚಾಡಿದರು, ಸೂಪು ಆರಿಹೋಯಿತು, ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡೆ. ಪೂರ್ತಿ ಸರಿಹೋದ ಎನ್ನಲಾರೆ. ಕೆಲವು ಬೆಳಗು ಹಾಸಿಗೆ ಬಿಟ್ಟು ಏಳುವುದಿಲ್ಲ. ಮಂಗಳವಾರಗಳಂದು ಗ್ರೇಟ್ ಫಾಲ್ಸ್ ಪಟ್ಟಣದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಮಾತಾಡಲು ಹೋಗುತ್ತಾನೆ, ಗಸ್ ಕರೆದುಕೊಂಡು ಹೋಗುತ್ತಾನೆ. ಚಳಿಗಾಲದಲ್ಲಿ ಅವನ ರೈಫಲ್ ಪಡೆದವರೆಲ್ಲ ಬಂದು, ಅವು ಅವನವೇ, ತಮ್ಮ ಬೀರುಗಳಲ್ಲಿ ಬೀಗ ಹಾಕಿ ಇಟ್ಟಿದ್ದೇವೆ, ಡಾಕ್ಟರಮ್ಮ ಹೂಂ ಅಂದ ದಿನ ಕೊಡುತ್ತೇವೆ ಎಂದು ಹೇಳಿ ಹೋಗಿದ್ದಾರೆ. ನಮ್ಮ ಮನೆಯ ಬಂದೂಕುಗಳೆಲ್ಲ ಸದ್ಯಕ್ಕೆ ಬರ್ನೀಸ್‌ಳ ಮನೆಯಲ್ಲಿವೆ. ಖಾಲಿ ಗೋಡೆ ನೋಡಿ ಅಪ್ಪನಿಗೆ ಮನೆ ಬೇರೆಯವರದಂತೆ ಕಾಣುತ್ತದಂತೆ, ಆದರೂ ಒಂದು ಮಾತು ಗೊಣಗಿಲ್ಲ.

ಹೆದ್ದಾರಿಯಲ್ಲಿ ಹೋಗುವವರು ನಮ್ಮನ್ನು ಕೋವಿ ಹುಚ್ಚರು ಎನ್ನುತ್ತಾರೆ, ಎನ್ನಲಿ. ನಲವತ್ತು ವರ್ಷ ಜೊತೆಗಿದ್ದೂ ನಾನು ಈ ಮನುಷ್ಯನನ್ನು ಪೂರ್ತಿ ನೋಡಿರಲಿಲ್ಲ ಎಂದು ಆ ದಿನ ಅನ್ನಿಸಿತು. ಅವರ ಮಗ ನೀನು. ನಿನಗೆ ಇದು ಗೊತ್ತಿರಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ಅಪ್ಪನ, ಬರ್ನೀಸ್‌ಳ, ಗಸ್‌ನ ನೆನಪುಗಳು. ನಿನ್ನ ಹಾಸಿಗೆ ಕುರಿಮಂದೆಗೂ ಆಗದು ಎಂದು ಹೇಳಲು ವೆಂಡೆಲ್ ಹೇಳಿದ್ದಾನೆ. ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ಅಮ್ಮ,
ಆರ್ಲೀನ್

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಒಳಗೆ ಬಂದರು. ಅಜ್ಜನ ರಿವಾಲ್ವರ್ ಟಕೋಮಾಕ್ಕೆ ಕಳಿಸಿಕೊಡಿ ಎಂದು ನೀನು ನಿನ್ನೆ ಅವರಿಗೆ ಫೋನ್ ಮಾಡಿದ್ದೆಯಂತೆ. ರಾತ್ರಿಯೆಲ್ಲ ಅವರು ನಿದ್ದೆ ಮಾಡಿಲ್ಲ, ಈಗ ಹೇಳುತ್ತಿದ್ದಾರೆ. ಮೇಗನ್ ಜನವರಿಯಲ್ಲೇ ಮನೆ ಬಿಟ್ಟು ಹೋದಳೆಂದೂ ಈಗಲೇ ಅಪ್ಪನಿಂದ ತಿಳಿಯಿತು. ಯಾಕಪ್ಪ ಹೇಳಲಿಲ್ಲ? ನಾವು ಹೊರಟೆವು. ಕರುಗಳನ್ನು ಗಸ್ ಮತ್ತು ವೆಂಡೆಲ್ ನೋಡಿಕೊಳ್ಳುತ್ತಾರೆ. ರಿವಾಲ್ವರ್ ತರುತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ನಿನ್ನ ಕೈಗೆ ಕೊಡುತ್ತೇನೆ. ಈಗಷ್ಟೇ ಫೋನಿನಲ್ಲಿ, ಬರುತ್ತಿದ್ದೇವೆ, ಅಲ್ಲಿಯವರೆಗೆ ಪಕ್ಕದ ಮನೆಯ ಗೆಳೆಯನ ಜೊತೆಗಿರು ಎಂದು ಅಪ್ಪ ನಿನಗೆ ಹೇಳಿದರು. ನೀನು ಬರಬೇಡಿ ಎನ್ನಲಿಲ್ಲ. ನಮಗೆ ಅಷ್ಟು ಸಾಕು. ಅಪ್ಪ ಹಾರ್ನ್ ಹೊಡೆಯುತ್ತಿದ್ದಾರೆ.