ಹನ್ನೊಂದು ಅಡಿಯ ಗಾಳದ ಕೋಲು

ಟೆರೇಸ್ ಪಟ್ಟಣ, ಸ್ಕೀನಾ ನದಿಯ ದಂಡೆ
ಸೆಪ್ಟೆಂಬರ್ ೧೧, ಭಾನುವಾರ

ಪ್ರೀತಿಯ ಗೆರಿಟ್,

ಹೇಗಿದ್ದೀಯ? ಗಣಿಯ ಕ್ಯಾಂಪಿನಲ್ಲಿ ಈಗಾಗಲೇ ಚಳಿ ಹಿಡಿದಿರಬೇಕು. ಸೊಂಟದ ನೋವು ಹೇಗಿದೆ, ಮುಲಾಮು ಹಚ್ಚಿಕೊಳ್ಳುತ್ತಿದ್ದೀಯ ತಾನೇ? ಅಡುಗೆಯವನು ಬಡಿಸಿದ ಬೇಕನ್ ಹಂದಿಮಾಂಸವನ್ನೆಲ್ಲ ಖಾಲಿ ಮಾಡಬೇಡ, ಡಾಕ್ಟರು ಹೇಳಿದ್ದು ನೆನಪಿರಲಿ. ನಾನು ಚೆನ್ನಾಗಿದ್ದೇನೆ. ನಾಯಿಯೂ ಚೆನ್ನಾಗಿದೆ. ನಿನ್ನ ಗಾಳದ ಕೋಲು ಮಾತ್ರ ಚೆನ್ನಾಗಿಲ್ಲ.

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಸಾಮಾನು ತುಂಬಿ ಟ್ರಕ್ಕಿನ ಹಿಂಬಾಗಿಲು ಹಾಕಿದೆ. ಕೋಲನ್ನು ಬಿಚ್ಚಿಡದೆ ನೀನು ಹಾಗೇ ಟ್ರಕ್ಕಿನಲ್ಲಿ ಬಿಟ್ಟು ಹೋಗಿದ್ದೆ. ಅದರ ತುದಿ ಬಾಗಿಲಿಗೆ ಸಿಕ್ಕಿ ಟಪ್ ಅಂತ ಮುರಿಯಿತು. ತಪ್ಪು ಯಾರದು ಎಂದು ನೀನು ಬಂದ ಮೇಲೆ ಜಗಳವಾಡೋಣ. ಸ್ಟೀಲ್‌ಹೆಡ್ ಮೀನು ಸಮುದ್ರದಿಂದ ನದಿಗೆ ಹತ್ತುವ ಈ ಕಾಲದಲ್ಲಿ ನಿನಗೆ ಸಿಗುವುದೇ ಎರಡು ವಾರದ ರಜೆ. ಕೈಯಲ್ಲಿ ಸರಿಯಾದ ಕೋಲಿಲ್ಲದಿದ್ದರೆ ಆ ಎರಡು ವಾರವೂ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತೀಯ. ಆ ಭಯಕ್ಕೆ ಮರುದಿನವೇ ನಿನ್ನ ಗೆಳೆಯ ಮುರ್ಡೊನ ಅಂಗಡಿಗೆ ಓಡಿದೆ.

ಅಂಗಡಿಯ ತುಂಬ ಗಂಡಸರು. ಒಬ್ಬೊಬ್ಬರೂ ಒಂದು ಕೋಲು ಎತ್ತಿ, ಛಾವಣಿಯತ್ತ ಅಲ್ಲಾಡಿಸಿ, ‘ಹೂಂ’ ಎಂದು ತಲೆದೂಗಿ ಇಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಫ್ಯಾನಿಗೆ ತಗುಲಿತು. “ಅಮ್ಮಾ ತಾಯಿ, ಇಲ್ಲಿ ಅಲ್ಲಾಡ್ಸಿದ್ರೆ ಏನ್ ಗೊತ್ತಾಗುತ್ತೆ? ಬಾಲ ನೋಡಿ ಕುದುರೆ ಕೊಂಡಂಗಾಯ್ತು!” ಎಂದು ಮುರ್ಡೊ ಮೂರು ಕೋಲು ಹೊತ್ತು ನನ್ನನ್ನು ನದಿಗೇ ಕರೆದುಕೊಂಡು ಹೋದ. ದೊಡ್ಡ ಚಿನೂಕ್ ಸಾಲ್ಮನ್ ಮೀನಿಗೆ ಒಂಬತ್ತನೇ ನಂಬರಿನ ದಪ್ಪ ಕೋಲಂತೆ, ಸ್ಟೀಲ್‌ಹೆಡ್‌ಗೆ ಏಳು ಸಾಕಂತೆ. ಅಗಲದ ನದಿಗೆ ಹದಿಮೂರು ಅಡಿ ಉದ್ದ, ಕಿರಿದಾದದ್ದಕ್ಕೆ ಹನ್ನೊಂದು. “ಮೀನು ನೋಡ್ತಾರೆ, ಹೊಳೆ ನೋಡ್ತಾರೆ, ಹಿಡಿಯೋರ ಕೈ ಮಾತ್ರ ಯಾರೂ ನೋಡಲ್ಲ” ಎಂದು ಬೈದುಕೊಂಡ. ನೀನು ಅಲ್ಲಿರಲಿಲ್ಲವಲ್ಲ, ಅವನು ನೋಡಿದ್ದು ನನ್ನ ಕೈ.

ಹದಿಮೂರು ಅಡಿಯದು ಮೊದಲ ಎಸೆತಕ್ಕೇ ನನ್ನ ಟೊಪ್ಪಿಗೆಯನ್ನು ನದಿಗೆ ಹಾರಿಸಿತು. ಹನ್ನೊಂದರದ್ದು ಹಿಡಿದೆ ನೋಡು, ದಾರ ನೆಟ್ಟಗೆ ಹೋಗಿ ನಡುನೀರಿನಲ್ಲಿ ಮಲಗಿತು! ಆಮೇಲೆ ನಿಮ್ಮ ಕ್ರಮದಂತೆಯೇ ನಡೆದೆ. ಒಮ್ಮೆ ಎಸೆದು, ದಾರ ದಡದತ್ತ ತೇಲಿ ಬರುವವರೆಗೆ ಕಾದು, ನೀರು ಹರಿಯುವತ್ತ ಎರಡು ಹೆಜ್ಜೆ ಕೆಳಕ್ಕೆ. ಮುಂದಿದ್ದವರನ್ನು ಹಿಂದಿನವರು ದಾಟುವಂತಿಲ್ಲ. ಯಾರೂ ಕಲಿಸಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ದಡದ ಕಲ್ಲಿನ ಮೇಲೆ ಸ್ವೆಟರ್ ಹೆಣೆಯುತ್ತ ಅದನ್ನೇ ನೋಡಿದ್ದೇನೆ. “ವಿಲ್ಮಾ, ಬಾ, ನೀನೂ ಒಂದ್ಸಲ ಎಸಿ” ಎಂದು ನೀನು ಒಮ್ಮೆಯೂ ಕರೆಯಲಿಲ್ಲ. ನನಗೆ ಬೇಸರವಾಗುತ್ತಿತ್ತು ಗೆರಿಟ್, ಹೇಳಿರಲಿಲ್ಲ ಅಷ್ಟೆ.

ಒಂಬತ್ತನೇ ಎಸೆತಕ್ಕೆ ಮೀನು ಕಚ್ಚಿತು. ದಾರ ಸುತ್ತಿದ ರೀಲು ಕಿರುಚಿತು, ನಾನು ಅದಕ್ಕಿಂತ ಜೋರಾಗಿ ಕಿರುಚಿದೆ. “ಎಳೀಬೇಡ ವಿಲ್ಮಾ! ಬಿಡ್ಲೂಬೇಡ!” ಎಂದು ಮುರ್ಡೊ ಕುಣಿದಾಡಿದ. ಹನ್ನೆರಡು ಪೌಂಡ್ ಇತ್ತು. ಕಾನೂನಿನಂತೆ ಮತ್ತೆ ನೀರಿಗೆ ಬಿಟ್ಟೆ. ನಿನ್ನ ಇಪ್ಪತ್ತು ಪೌಂಡಿನ ಮೀನುಗಳನ್ನು ನಾನು ನಂಬಿದ ಹಾಗೆ ಇದನ್ನು ನೀನು ನಂಬಬೇಕು.

ಕ್ಯಾಂಪಿನ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡ. ದೇವರು ನಿನ್ನನ್ನು ಸುಖವಾಗಿ ಮನೆ ಸೇರಿಸಲಿ.

ನಿನ್ನ
ವಿಲ್ಮಾ

ಅಂಚೆಯ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ: ಕೊಂಡಿರುವುದು ಹನ್ನೊಂದು ಅಡಿಯದು, ಅದು ನಿನಗಲ್ಲ. ನಿನಗೆಂದು ಹದಿಮೂರರದ್ದನ್ನು ಮುರ್ಡೊ ಎತ್ತಿಟ್ಟಿದ್ದಾನೆ, ನೀನೇ ಹೋಗಿ ಎಸೆದು ನೋಡಿ ತೆಗೆದುಕೋ. ನೀನು ಬಂದ ಮರುದಿನ ಬೆಳಿಗ್ಗೆ ಇಬ್ಬರೂ ನೀರಿಗಿಳಿಯೋಣ. ನಾನು ಮುಂದೆ, ನೀನು ಹಿಂದೆ.