ತಪ್ಪಿಗೊಂದು ಚಪ್ಪಾಳೆ

ಭಾನುವಾರ, ಮಧ್ಯಾಹ್ನ
ಫೆಬ್ರವರಿ 16

ಪ್ರೀತಿಯ ಗೂಬೆ,

ಹೇಗಿದ್ದೀಯೆ? ನಿನ್ನ ಎರಡು ಪತ್ರ ಬಂದರೂ ಒಂದಕ್ಕೂ ಉತ್ತರ ಬರೆಯದೆ ಕೂತೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಕಣ್ಣರಳಿಸಿಕೊಂಡು ಓದುತ್ತಿದ್ದ ನಿನಗೆ ಗೂಬೆ ಎಂದು ಹೆಸರಿಟ್ಟವಳು ನಾನು. ಈಗ ಆ ಹೆಸರು ನನಗೇ ಒಪ್ಪುತ್ತದೆ. ಕೂಸು ಹಗಲೆಲ್ಲ ಮಲಗುತ್ತದೆ, ಕತ್ತಲಾಯಿತೆಂದರೆ ಅದಕ್ಕೆ ಲೋಕದ ಮೇಲೆ ಎಲ್ಲಿಲ್ಲದ ಆಸಕ್ತಿ. ಅದು ಮಲಗಿದಾಗಲಾದರೂ ನಾನು ಕಣ್ಣು ಮುಚ್ಚಬೇಕಲ್ಲ, ಆಗುವುದಿಲ್ಲ. ಇವರು ಲಿಫ್ಟ್ ರಿಪೇರಿಯವರಲ್ಲವೇ, "ನಿನ್ನ ತಲೆಗೂ ಒಂದು ಸ್ಟಾಪ್ ಬಟನ್ ಕೂರಿಸ್ಬೇಕು ಕಣೇ" ಎನ್ನುತ್ತಾರೆ. ಅತ್ತೆ ಆರೋಗ್ಯವಾಗಿದ್ದಾರೆ, ನಾಲಿಗೆಯಂತೂ ಇನ್ನೂ ಆರೋಗ್ಯವಾಗಿದೆ. ದೊಡ್ಡ ಮಗಳ ಮುಂದಿನ ಹಲ್ಲು ಬಿದ್ದಿದೆ. ಈ ವರ್ಷ ನನ್ನ ತರಗತಿಯಲ್ಲೇ ಕೂರುತ್ತಾಳೆ.

ನಮ್ಮ ಸೋಮವಾರದ ವೃತ್ತದ ವಿಷಯ ನಿನಗೆ ಬರೆದಿರಲಿಲ್ಲ ಎಂದು ಕಾಣುತ್ತದೆ. ವಾರದ ಮೊದಲ ಪೀರಿಯಡ್‌ನಲ್ಲಿ ಮಕ್ಕಳೆಲ್ಲ ನೆಲದ ಮೇಲೆ ಸುತ್ತಲೂ ಕೂರುತ್ತಾರೆ. ತಪ್ಪು ಮಾಡಿದವರು ತಾವಾಗಿಯೇ ಎದ್ದು ಹೇಳಬೇಕು. ಹೇಳಿದವರಿಗೆ ಶಿಕ್ಷೆಯಿಲ್ಲ; ಎಲ್ಲರೂ ಸೇರಿ ಚಪ್ಪಾಳೆ ತಟ್ಟುತ್ತೇವೆ. ಇದು ನನ್ನದೇ ಏರ್ಪಾಡು. ಹೊಡೆತಕ್ಕೆ ಹೆದರಿ ಒಳ್ಳೆಯವನಾದವನ ಒಳ್ಳೆಯತನ ಬೆತ್ತ ಹಿಡಿದವನಿಗೆ ಸೇರಿದ್ದು ಎಂದು ನಾವಿಬ್ಬರೂ ಕ್ಯಾಂಟೀನಿನಲ್ಲಿ ಟೀ ತಣ್ಣಗಾಗುವ ತನಕ ಜಗಳವಾಡುತ್ತಿದ್ದೆವಲ್ಲ? ನೀನು ಅದನ್ನು ಪರೀಕ್ಷೆಯಲ್ಲಿ ಬರೆದು ಬುದ್ಧಿವಂತೆಯಾಗಿ ಬ್ಯಾಂಕಿಗೆ ಸೇರಿದೆ. ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಶಾಲೆಗೆ ಹೊತ್ತು ತಂದೆ. ಅತ್ತೆ ಆಗಲೇ ಕೇಳಿದ್ದರು, "ಅಲ್ಲಮ್ಮ, ತಪ್ಪು ಮಾಡಿದ್ರೆ ಚಪ್ಪಾಳೆ. ಸರಿ ಮಾಡಿದ್ರೆ ಏನು ಕೊಡ್ತೀಯ, ಬೆತ್ತಾನಾ?" ನಾನು ನಕ್ಕುಬಿಟ್ಟಿದ್ದೆ.

ಮೊದಮೊದಲು ಎಷ್ಟು ಚೆನ್ನಾಗಿತ್ತು ಗೊತ್ತೇ! ಪೆನ್ಸಿಲ್ ಕದ್ದದ್ದು, ಇನ್ನೊಬ್ಬರ ಚಿತ್ರದ ಮೇಲೆ ಗೀಚಿದ್ದು, ಒಂದೊಂದಾಗಿ ಹೊರಬಂದವು. ಆಮೇಲೆ ತಪ್ಪುಗಳು ದಪ್ಪವಾಗತೊಡಗಿದವು. ಒಬ್ಬ ಪಕ್ಕದ ಮನೆಯ ನಾಯಿಯನ್ನು ಕೊಂದೆ ಎಂದ. ಆ ನಾಯಿ ದಿನಾ ಬೆಳಿಗ್ಗೆ ಅವನನ್ನು ಶಾಲೆಯ ಗೇಟಿನ ತನಕ ಬಿಟ್ಟು ಹೋಗುತ್ತದೆ! ನಗು ತಡೆದುಕೊಂಡು ಚಪ್ಪಾಳೆ ತಟ್ಟಿದೆ. ತಟ್ಟಬಾರದಿತ್ತು ಎಂದು ಈಗ ಅನಿಸುತ್ತದೆ.

ಎರಡು ವಾರದ ಹಿಂದೆ ನೀರು ಕುಡಿಯಲು ಬಿಟ್ಟಾಗ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ ಚಪ್ಪಲಿ ಅಂಗಡಿಯವರ ಮಗಳು ಬಿದ್ದಳು. ಕೈ ಮುರಿಯಿತು. ಯಾರೋ ಹಿಂದಿನಿಂದ ತಳ್ಳಿದರು ಎಂದಳು, ಯಾರೆಂದು ಅವಳಿಗೆ ಕಂಡಿಲ್ಲ. ಕಳೆದ ಸೋಮವಾರ ವೃತ್ತದಲ್ಲಿ ಎಲ್ಲರೂ ನೆಲ ನೋಡುತ್ತಾ ಕೂತಿದ್ದರು. ಆಗ ಎದ್ದವಳು ಪಿಸುಮಾತು. ಅವಳ ದನಿ ಪಕ್ಕದವರಿಗೂ ಕೇಳುವುದಿಲ್ಲವೆಂದು ಮಕ್ಕಳೇ ಇಟ್ಟ ಹೆಸರು ಅದು. ವರ್ಷವಿಡೀ ಒಮ್ಮೆಯೂ ಎದ್ದು ನಿಂತವಳಲ್ಲ. ಅವತ್ತು ಮಾತ್ರ ಗಂಟೆ ಹೊಡೆದ ಹಾಗೆ ಹೇಳಿದಳು, "ನಾನೇ ತಳ್ಳಿದ್ದು." ಚಪ್ಪಾಳೆಯೋ ಚಪ್ಪಾಳೆ. ಆ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು ಗೂಬೆ.

ಮರುದಿನ ಚಪ್ಪಲಿ ಅಂಗಡಿಯವರು ಬಂದರು. ಕೆಟ್ಟ ಮನುಷ್ಯರೇನಲ್ಲ, ಮಗಳ ನೋವು ನೋಡಿ ಕಂಗಾಲಾಗಿದ್ದರು. "ನನ್ನ ಮಗಳು ಅಲ್ಲಿ ಕೈಗೆ ಕಟ್ಟು ಹಾಕ್ಕೊಂಡು ಅಳ್ತಾ ಬಿದ್ದಿದ್ರೆ, ಕೈ ಮುರಿದವಳಿಗೆ ಇಲ್ಲಿ ಚಪ್ಪಾಳೆನಾ? ಇದ್ಯಾವ ಸೀಮೆ ಪಾಠ ಟೀಚರೇ? ಒಂದೋ ಆ ಹುಡುಗಿ ಇಲ್ಲಿರ್ಬೇಕು, ಒಂದೋ ನನ್ನ ಮಗಳು" ಎಂದರು. ಅಲ್ಲಿಂದ ನೇರ ನಮ್ಮ ಹೆಡ್‌ಮಿಸ್ಟ್ರೆಸ್, ದೊಡ್ಡ ಮೇಡಂ ಕೋಣೆಗೆ ನಡೆದರು.

ಶುಕ್ರವಾರ ಪಿಸುಮಾತಿನ ಅಮ್ಮ ಬಂದರು. ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಒಳಗೆ ಬನ್ನಿ ಎಂದರೂ ಬಾಗಿಲು ದಾಟಲಿಲ್ಲ. "ಆ ಹೊತ್ತಿಗೆ ನಮ್ಮ ಹುಡುಗಿ ಶಾಲೇಲೇ ಇರ್ಲಿಲ್ಲಮ್ಮ. ಹಲ್ಲು ಕೀಳ್ಸೋಕೆ ನಾನೇ ಕರ್ಕೊಂಡು ಹೋಗಿದ್ದೆ. ಬೇಕಾದ್ರೆ ಡಾಕ್ಟ್ರನ್ನೇ ಕೇಳಿ" ಎಂದರು. ಕೇಳಿದೆ. ನಿಜ. ಅವತ್ತಿನ ಗಲಾಟೆಯಲ್ಲಿ ಅವಳಿಲ್ಲದ್ದು ನನಗೆ ಮರೆತೇಹೋಗಿತ್ತು. ಮಗುವನ್ನು ಪಕ್ಕಕ್ಕೆ ಕರೆದು, "ಯಾಕೆ ಪುಟ್ಟ ಹಾಗೆ ಹೇಳ್ದೆ?" ಎಂದೆ. ಫ್ರಾಕಿನ ಅಂಚು ತಿರುಚುತ್ತಾ, "ಎಲ್ರೂ ನನ್ನೇ ನೋಡಿದ್ರು ಟೀಚರ್" ಎಂದಳು.

ದೊಡ್ಡ ಮೇಡಂ ಹತ್ತಿರ ಓಡಿದೆ. ಅವರು ಕನ್ನಡಕ ಒರೆಸುತ್ತಾ, "ಇರಲಾರದೆ ಇರುವೆ ಬಿಟ್ಕೊಂಡ್ರಿ ನೀವು. ಸರಿ, ಇವಳಲ್ಲ ಅಂತೀರಿ. ಮತ್ಯಾರು? ಅಂಗಡಿಯವರಿಗೆ ಹೇಳೋಕೆ ನಂಗೆ ಒಂದು ಹೆಸರು ಬೇಕಲ್ಲ? ಈ ಮಗುವಿನ ತಾಯಿ ಜಗಳ ಆಡೋರಲ್ಲ. ಬೇರೆ ಶಾಲೆಗೆ ನಾನೇ ಹೇಳಿ ಸೇರಿಸ್ತೀನಿ" ಎಂದರು. ತಾಯಿ ಜಗಳವಾಡುವವಳಲ್ಲ, ಅದಕ್ಕೇ ಮಗಳು ತಪ್ಪಿತಸ್ಥೆ! ನಾಳೆ ಬೆಳಿಗ್ಗೆ ಸಭೆ. ಪಿಸುಮಾತು ಇರುತ್ತಾಳೋ ಹೋಗುತ್ತಾಳೋ ಅಲ್ಲಿ ತೀರ್ಮಾನ.

ಈಗ ಹೇಳು. ಡಾಕ್ಟರ ಮಾತನ್ನು ಮುಂದಿಟ್ಟು 'ಇವಳಲ್ಲ' ಎಂದು ಗಟ್ಟಿಯಾಗಿ ಹೇಳಿ ಕೂತರೆ ನನ್ನ ಕೆಲಸ ಮುಗಿಯಿತೇ? 'ಮತ್ಯಾರು' ಎನ್ನುವುದಕ್ಕೂ ನಾನೇ ಬಾಧ್ಯಳೇ? ಗೊತ್ತಿಲ್ಲದವಳು ಸುಮ್ಮನಿರಬಹುದು. ಗೊತ್ತಿದ್ದವಳು? ಕೇಳಿದರೆ ಮಾತ್ರ ಹೇಳಬೇಕೇ, ಕೇಳದಿದ್ದರೂ ಹೇಳಬೇಕೇ? ಆ ತಪ್ಪು ಮಾಡಿದ ಮಗುವಿಗೂ ಏಳೇ ವರ್ಷವಾಗಿದ್ದರೆ? ಸುಮ್ಮನೆ ವಾದಕ್ಕೆ ಕೇಳುತ್ತಿದ್ದೇನೆ. ನೀನು ಇಂಥದ್ದಕ್ಕೆಲ್ಲ ಎರಡೂ ಕಡೆಯಿಂದ ವಾದಿಸಿ ಕೊನೆಗೆ ನನ್ನ ಪಾಲಿನ ಬನ್ನನ್ನೂ ತಿಂದು ಎದ್ದು ಹೋಗುತ್ತಿದ್ದೆ. ನಿನ್ನೆಯಿಂದ ನಾನೂ ಹಾಗೇ, ಅಡುಗೆಮನೆಯಲ್ಲೊಂದು ವಾದ, ಬಟ್ಟೆ ಒಣಹಾಕುವಾಗ ಅದರ ಪ್ರತಿವಾದ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಬಟ್ಟೆ ತಂದು ಒರೆಸಿದರೇ ಹೊರತು ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ನನಗೆ ಇನ್ನೂ ಭಯ.

ನಿನ್ನ ಮಗನ ಕೆಮ್ಮು ಹೇಗಿದೆ? ಅವನ ಕೆನ್ನೆಗೆ ನನ್ನದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ, ಎಲ್ಲರ ಕಣ್ಣಿಗೂ ನಿದ್ದೆ ಹತ್ತಲಿ.

ಇಂತಿ ನಿನ್ನ,
ಸಂಶಯದ ಗೆಳತಿ

ತಾ.ಕ.: ವಾದಕ್ಕೆ ಕೇಳುತ್ತಿದ್ದೇನೆ ಎಂದೆನಲ್ಲ, ಅದು ಸುಳ್ಳು. ನಿನ್ನೆ ಸಂಜೆ ದೊಡ್ಡವಳ ಉಗುರು ಕತ್ತರಿಸುತ್ತಿದ್ದೆ. ಬೆರಳು ಎಳೆದುಕೊಂಡು, "ಅಮ್ಮ, ಅವಳನ್ನ ತಳ್ಳಿದ್ದು ನಾನು" ಎಂದಳು. ಸಾಲಿನಲ್ಲಿ ಮುಂದೆ ಹೋಗಲು ತಳ್ಳಿದಳಂತೆ. ಬೀಳುತ್ತಾಳೆಂದು ಗೊತ್ತಿರಲಿಲ್ಲವಂತೆ. ವೃತ್ತದಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಲ್ಲಿ ಹೇಳಿದ್ರೆ ಚಪ್ಪಾಳೆ ತಟ್ತಾರೆ" ಎಂದಳು. ತಟ್ಟಿದರೇನು ಎಂದೆ. "ಅವಳಿಗೆ ನೋವಾಗಿದೆ ಅಲ್ವಾ?" ಎಂದು ನನ್ನ ಮುಖ ನೋಡಿದಳು. ಆಮೇಲೆ, "ಈಗ್ಲೂ ನೋಯುತ್ತಾ ಅಮ್ಮ ಅವಳ ಕೈ?" ಈ ಪ್ರಶ್ನೆಯನ್ನು ನಮ್ಮ ವೃತ್ತದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಗ ನನ್ನ ಬಾಯಿಂದ ಏನು ಬಂತು ಗೊತ್ತೇ? "ಇದನ್ನ ಯಾರ ಹತ್ರಾನೂ ಹೇಳ್ಬೇಡ." ಅಷ್ಟು ದಿನ ಸತ್ಯಕ್ಕೆ ಚಪ್ಪಾಳೆ ತಟ್ಟಿಸಿದ ಬಾಯಿ, ಗೂಬೆ. ಅವಳು "ಸರಿ ಟೀಚರ್" ಎಂದಳು. ಮನೆಯೊಳಗೆ ಅವಳು ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು.

ನನ್ನ ಪ್ರಶ್ನೆಗೆ ಉತ್ತರ ಬರೆಯಬೇಡ. ಬರೆದರೆ ಅದನ್ನೇ ಜಗಿಯುತ್ತಾ ಇನ್ನೊಂದು ವಾರ ಕೂತುಬಿಡುತ್ತೇನೆ. ಈಗಷ್ಟೇ ಕೂಸನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ, ದೊಡ್ಡವಳಿಗೆ ಚಪ್ಪಲಿ ಹಾಕಿಕೋ, ಚಪ್ಪಲಿ ಅಂಗಡಿಯವರ ಮನೆಗೆ ಹೋಗೋಣ ಎಂದೆ. ಬೈತಾರಾ ಎಂದು ಕೇಳಿದಳು. ಬೈಯಬಹುದು ಎಂದೆ. ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.