ರಾಮಾಪುರದ ಮೂವರು ವಧುಗಳನ್ನು ಎಣಿಸಿದವರಿಗೆ

ಜಾಹೀರಾತು ಅಳೆಯುವ ಕಂಪನಿಯ ಮುಖ್ಯಾಧಿಕಾರಿಗಳೇ,

ನಮ್ಮ ರಾಮಾಪುರದಲ್ಲಿ ಮರುಮದುವೆ ಬಯಸುವ ಹೆಂಗಸರು ಮೂವರಿದ್ದಾರೆಂದು ಊರಿಗೆಲ್ಲ ತಿಳಿಯುವಂತೆ ಮಾಡಿದ್ದೀರಿ. ಇದು ಯಾವ ಸೀಮೆಯ ಗೋಪ್ಯತೆ?

ನಿಮ್ಮ ಪ್ರಕಟಣೆಯನ್ನು ಗಮನವಿಟ್ಟು ಓದಿದ್ದೇನೆ. ಯಾರ ಫೋನಿನಲ್ಲಿ ಜಾಹೀರಾತು ಕಾಣಿಸಿತು, ಅವರಲ್ಲಿ ಯಾರು ಹೆಸರು ನೋಂದಾಯಿಸಿದರು ಎಂಬುದನ್ನು ಕ್ಲೌಡಿನಲ್ಲಿ ತಾಳೆ ನೋಡಿ, ಹೆಸರುಗಳನ್ನು ಅಳಿಸಿ, ನಿಜವಾದ ಸಂಖ್ಯೆಗೆ ಒಂದಿಷ್ಟು ಸುಳ್ಳು ಬೆರೆಸಿ ಜಾಹೀರಾತುದಾರರಿಗೆ ಕೊಡುತ್ತೀರಂತೆ. ಹೀಗಾಗಿ ಗುರುತು ಸಿಗುವುದು ಅಸಾಧ್ಯವಂತೆ. ತಾವು ನಮ್ಮೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆಯಾದರೂ ನಿಂತಿದ್ದೀರಾ? ಮರುಮದುವೆಯ ಜಾಹೀರಾತು ಕೊಟ್ಟಿದ್ದ ಕೊಳ್ಳೇಗಾಲದ ವಿವಾಹ ಕೇಂದ್ರದವರು ನಿಮ್ಮ ಅಂಕಿಯನ್ನು ಹೆಮ್ಮೆಯಿಂದ ಅಲ್ಲಿಯೇ ಅಂಟಿಸಿದರು: "ರಾಮಾಪುರದಿಂದ ಮೂವರು!"

ನಿಜವಾಗಿ ನೋಂದಾಯಿಸಿದವಳು ಒಬ್ಬಳೇ. ಊರಿನ ಅರ್ಧಕ್ಕರ್ಧ ಹೆಂಗಸರಂತೆ ಆಕೆಯೂ ನನ್ನ ಹಳೆಯ ವಿದ್ಯಾರ್ಥಿನಿ. ನನ್ನ ಮುಂದೆ ಕುಳಿತು ಅತ್ತಳು. ಹೆಸರು ಹೊರಬಿದ್ದರೆ ಸತ್ತ ಗಂಡನ ಮನೆಯವರು ಆಕೆಯನ್ನು ಹೊರಹಾಕಿ ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ. ಉಳಿದಿಬ್ಬರು ನಿಮ್ಮ ಯಂತ್ರ ಹೆತ್ತ ವಧುಗಳು. ಊರು ಮೂವರನ್ನೂ ಹುಡುಕಲು ಹೊರಟಿತು.

ಟೀ ಅಂಗಡಿಯ ಮಾದೇಶ ನನ್ನನ್ನೇ ತಡೆದು, "ಟೀಚರಮ್ಮ, ಆ ಮೂರ್ ಜನ್ದಲ್ಲಿ ನೀವೂ ಒಬ್ರಂತೆ, ದಿಟ್ವಾ?" ಎಂದ. ಎಪ್ಪತ್ತೊಂದು ವರ್ಷ ಅವಿವಾಹಿತೆಯಾಗಿ, ಮಕ್ಕಳಿಗೆ ಸತ್ಯವನ್ನೇ ಬೋಧಿಸಿದ ನಾನು ಸ್ಪಷ್ಟವಾಗಿ "ಹೌದು" ಎಂದೆ. ಮೊದಲನೆಯ ಮದುವೆಯೇ ಆಗದವಳಿಗೆ ಮರುಮದುವೆ ಹೇಗೆಂದು ಅವನಿಗೆ ಹೊಳೆಯಲಿಲ್ಲ. ತರಗತಿಯಲ್ಲೂ ಅವನು ಹಾಗೆಯೇ ಇದ್ದ.

ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಮುದುಕಿ ಪುಟ್ಟಬಸಮ್ಮ, "ನಾನೂ ಫೋನಲ್ಲಿ ಒತ್ತಿವ್ನಿ ಕಣ್ಲಾ! ಅಡ್ಗೆ ಮಾಡೋನೇ ಆಗ್ಬೇಕು, ನೋಡು" ಎಂದಳು. ಎಲ್ಲರೂ ಏಕೆ ಒತ್ತಬೇಕೆಂದು ನಾನು ಯಾರಿಗೂ ವಿವರಿಸಬೇಕಾಗಲಿಲ್ಲ. ಸಂಜೆಯೊಳಗೆ ನಾನೂ ಸೇರಿದಂತೆ ನಮ್ಮ ಬೀದಿಯ ಅಷ್ಟೂ ಹೆಂಗಸರು ನಿಜವಾಗಿಯೇ ಜಾಹೀರಾತು ಒತ್ತಿ ಹೆಸರು ನೋಂದಾಯಿಸಿದ್ದರು. "ನಾನಿನ್ನೂ ಬದ್ಕಿವ್ನಿ ಕಣಮ್ಮಿ!" ಎಂದು ನೆರೆಮನೆಯ ರಂಗರಾಜು ಹೆಂಡತಿಯ ಹಿಂದೆ ಅಲೆದ. "ನೀವೂ ಅರ್ಜಿ ಆಕಿ, ನೋಡವ" ಎಂದಳು ಆಕೆ.

ಈಗ ಯಾರು ಯಾರನ್ನು ಹುಡುಕಿಯಾರು? ನಿಮ್ಮ ಕ್ಲೌಡಿಗೆ ದಕ್ಕದ ಗೋಪ್ಯತೆ ನಮ್ಮ ಬೀದಿಗೆ ದಕ್ಕಿದೆ. ಅದರ ಫಲವಾಗಿ ಕಳೆದ ಭಾನುವಾರ ಯಳಂದೂರಿನಿಂದ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ನನ್ನನ್ನು ನೋಡಲು ಬಂದು, ಉಪ್ಪಿಟ್ಟನ್ನು ಮತ್ತೊಮ್ಮೆ ಹಾಕಿಸಿಕೊಂಡು, "ಮನೆಯಲ್ಲಿ ಕೇಳಿ ತಿಳಿಸುತ್ತೇನೆ" ಎಂದು ಹೊರಟುಹೋದರು. ಈ ಅವಮಾನವನ್ನು ನಿಮ್ಮ ಯಂತ್ರ ಯಾವ ಕಾಲಮ್ಮಿನಲ್ಲಿ ತೋರಿಸುತ್ತದೆ?

ನನ್ನ ಒತ್ತಾಯವಿಷ್ಟು: ನಮ್ಮಂಥ ಸಣ್ಣ ಊರಿನ ಅಂಕಿಯನ್ನು ಬಿಡಿಯಾಗಿ ಯಾರಿಗೂ ಕೊಡಕೂಡದು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳನ್ನು ಕೂಡಿಸಿ ಒಂದೇ ಅಂಕಿ ಕೊಡಿ. ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬಳೂ ಹೆಸರು ಹಿಂಪಡೆಯುವುದಿಲ್ಲ. ನನ್ನ ಮುಂದೆ ಅತ್ತ ಆ ಹುಡುಗಿ ತನ್ನನ್ನು ನೋಡಲು ಬಂದವನೊಡನೆ ಮಾತನಾಡುವ ಹೊತ್ತಿನಲ್ಲಿ, ಬೀದಿಯ ಪ್ರತಿ ಮನೆಯಲ್ಲೂ ಒಬ್ಬೊಬ್ಬ ವರ ಕಾಫಿ ಕುಡಿಯುತ್ತಿರುತ್ತಾನೆ.

ಇಂತಿ,
ಶಿವರತ್ನಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ, ಸದ್ಯಕ್ಕೆ ವಧು